ಹಾಡು ಆಕೆಯದು, ಹಕ್ಕು ಯಾರದು?

2024ರ ಫೆಬ್ರುವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಡೆದ ಗ್ರ್ಯಾಮಿ ಪ್ರಶಸ್ತಿ ಸಮಾರಂಭದಲ್ಲಿ ಟ್ರೇಸಿ ಚಾಪ್ಮನ್ ಗಿಟಾರ್ ಹಿಡಿದು ‘ಫಾಸ್ಟ್ ಕಾರ್’ ಹಾಡಿದರು. ವರ್ಷಗಟ್ಟಲೆ ವೇದಿಕೆಗಳಿಂದ ದೂರವೇ ಉಳಿದಿದ್ದ ಗಾಯಕಿ ಅವರು. 1988ರಲ್ಲಿ ತಾವೇ ಬರೆದು, ರಾಗ ಹಾಕಿ, ಹಾಡಿ ಹೆಸರಾದ ಹಾಡನ್ನು ಅಂದು ಲ್ಯೂಕ್ ಕೂಂಬ್ಸ್ ಎಂಬ ಬಿಳಿಯ ಕಂಟ್ರಿ ಗಾಯಕನ ಜೊತೆ ಸೇರಿ ಹಾಡಿದರು. ಹಿಂದಿನ ವರ್ಷ ಕೂಂಬ್ಸ್ ಅದೇ ಹಾಡನ್ನು ತಮ್ಮ ದನಿಯಲ್ಲಿ ಬಿಡುಗಡೆ ಮಾಡಿದ್ದರು. ಅದು ಕಂಟ್ರಿ ರೇಡಿಯೊ ಪಟ್ಟಿಯ ತುದಿಗೇರಿತ್ತು. ಬೇರೆ ಯಾರ ಪಾಲೂ ಇಲ್ಲದೆ ತಾನೊಬ್ಬಳೇ ಬರೆದ ಹಾಡಿನಿಂದ ಆ ಪಟ್ಟಿಯ ಮೊದಲ ಸ್ಥಾನ ಮುಟ್ಟಿದ ಮೊದಲ ಕಪ್ಪು ಮಹಿಳೆ ಚಾಪ್ಮನ್. 2023ರ ನವೆಂಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ‘ವರ್ಷದ ಹಾಡು’ ಪ್ರಶಸ್ತಿ ಪಡೆದ ಮೊದಲ ಕಪ್ಪು ಗೀತರಚನಕಾರರೂ ಅವರೇ.

ಈ ಸಂಭ್ರಮದಲ್ಲಿ ಹೆಚ್ಚು ಮಂದಿ ಗಮನಿಸದ ಒಂದು ಹಣದ ಲೆಕ್ಕವಿದೆ. ಕೂಂಬ್ಸ್ ಹಾಡಿದ್ದು ಮಾರಾಟವಾದಾಗಲೆಲ್ಲ, ರೇಡಿಯೊದಲ್ಲಿ ಬಂದಾಗಲೆಲ್ಲ ಚಾಪ್ಮನ್‌ಗೆ ರಾಯಧನ ಹೋಗುತ್ತದೆ. ಹಾಡಿನ ಸಾಹಿತ್ಯ, ಸಂಗೀತ ಎರಡರ ಹಕ್ಕೂ ಅವರ ಕೈಯಲ್ಲಿಯೇ ಇದೆ. ಹಾಗಾಗಿ ಬೇರೊಬ್ಬನ ಯಶಸ್ಸು ಅವರಿಗೆ ನಷ್ಟವಾಗಲಿಲ್ಲ, ಆದಾಯವಾಯಿತು. ಅಮೆರಿಕದ ಜನಪ್ರಿಯ ಸಂಗೀತದ ಕಳೆದ ನೂರು ವರ್ಷಗಳ ಚರಿತ್ರೆ ಬಲ್ಲವರಿಗೆ ಇದೆಷ್ಟು ಅಪರೂಪದ ಸಂಗತಿಯೆಂದು ಗೊತ್ತು. ಕಪ್ಪು ಮಹಿಳೆಯರ ದನಿಯನ್ನು ಅಮೆರಿಕ ಕಿವಿ ತುಂಬಿಕೊಂಡಿತು, ಅದಕ್ಕೆ ಕುಣಿಯಿತು, ಅದನ್ನು ಕೇಳಿ ಅತ್ತಿತು. ಆ ದನಿಯ ಒಡೆತನವನ್ನು ಮಾತ್ರ ಅವರಿಗೆ ಬಿಟ್ಟುಕೊಡಲು ಸತಾಯಿಸಿತು. ಅವರನ್ನು ಕೊಂಡಾಡುವ ಮಾತು ಬಂದಾಗಲೆಲ್ಲ ಈ ಖಾತೆಪುಸ್ತಕವನ್ನೂ ತೆರೆದು ನೋಡಬೇಕಾಗುತ್ತದೆ.

ಕಥೆ ಶುರುವಾಗುವುದು 1920ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ. ಅಲ್ಲಿಯವರೆಗೆ ಗ್ರಾಮಫೋನ್ ಕಂಪನಿಗಳದು ಒಂದೇ ಪಲ್ಲವಿ: ಕಪ್ಪು ಜನ ರೆಕಾರ್ಡ್ ಕೊಳ್ಳುವುದಿಲ್ಲ, ಬಿಳಿಯರು ಕಪ್ಪು ಗಾಯಕಿಯ ಹಾಡು ಕೇಳುವುದಿಲ್ಲ. ಪೆರಿ ಬ್ರ್ಯಾಡ್‌ಫರ್ಡ್ ಎಂಬ ಕಪ್ಪು ಸಂಗೀತಗಾರ ಕಂಪನಿಯಿಂದ ಕಂಪನಿಗೆ ಅಲೆದು, ಕೊನೆಗೆ ಓಕೆ ಎಂಬ ಕಂಪನಿಯನ್ನು ಒಪ್ಪಿಸಿದರು. ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಹೊರಬಂದದ್ದೇ ತಡ, ಕೆಲವೇ ವಾರಗಳಲ್ಲಿ ಹತ್ತಾರು ಸಾವಿರ ಪ್ರತಿಗಳು ಖರ್ಚಾದವು. ಕಪ್ಪು ಗಾಯಕಿಯೊಬ್ಬರ ದನಿಯಲ್ಲಿ ಮುದ್ರಣಗೊಂಡ ಮೊದಲ ಬ್ಲೂಸ್ ಹಾಡು ಅದು. ಕಂಪನಿಗಳ ನಿಲುವು ರಾತ್ರೋರಾತ್ರಿ ಬದಲಾಯಿತು. ಎಲ್ಲರೂ ಕಪ್ಪು ಗಾಯಕಿಯರನ್ನು ಹುಡುಕಿಕೊಂಡು ಹೊರಟರು. ಆದರೆ ಆ ರೆಕಾರ್ಡ್‌ಗಳನ್ನು ಇಟ್ಟದ್ದು ಬೇರೆ ಕಪಾಟಿನಲ್ಲಿ. ಅವಕ್ಕೆ ಕೊಟ್ಟ ಹೆಸರು ‘ರೇಸ್ ರೆಕಾರ್ಡ್ಸ್’. ‘ಬಿಲ್‌ಬೋರ್ಡ್’ ಪತ್ರಿಕೆ ಆ ಹೆಸರನ್ನು ಕೈಬಿಟ್ಟು ‘ರಿದಂ ಅಂಡ್ ಬ್ಲೂಸ್’ ಎಂದು ಕರೆಯಲು 1949ರವರೆಗೆ ಕಾಯಬೇಕಾಯಿತು.

ಬ್ಲೂಸ್ ಗಾಯಕಿಯರು ಹಾಡಿದ್ದು ಯಾವುದರ ಬಗ್ಗೆ? ಬಿಟ್ಟುಹೋದ ಗಂಡ, ಹೊಡೆಯುವ ಗಂಡ, ಪ್ರವಾಹಕ್ಕೆ ಸಿಕ್ಕ ಮನೆ, ಜೈಲು, ಕುಡಿತ, ಮನೆಗೆಲಸದ ದಣಿವು, ತನ್ನ ದೇಹದ ಆಸೆ. ಸಭ್ಯ ಸಮಾಜದ ಪುಸ್ತಕಗಳಲ್ಲಿ ಕಪ್ಪು ಹೆಣ್ಣಿನ ಒಳಬದುಕಿಗೆ ಜಾಗವೇ ಇಲ್ಲದ ಕಾಲದಲ್ಲಿ ಮಾ ರೇನಿ, ಬೆಸ್ಸಿ ಸ್ಮಿತ್ ಅದನ್ನು ಮುಚ್ಚುಮರೆಯಿಲ್ಲದೆ ಹಾಡಿದರು. ಚಿಂತಕಿ, ಹೋರಾಟಗಾರ್ತಿ ಏಂಜೆಲಾ ಡೇವಿಸ್ 1998ರಲ್ಲಿ ಬರೆದ ಪುಸ್ತಕದಲ್ಲಿ ಈ ಹಾಡುಗಳನ್ನು ದುಡಿಯುವ ವರ್ಗದ ಕಪ್ಪು ಹೆಣ್ಣುಮಕ್ಕಳ ಸ್ತ್ರೀವಾದದ ಬೇರುಗಳೆಂದು ಓದುತ್ತಾರೆ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವರು ಗ್ರಾಮಫೋನ್ ತಟ್ಟೆಯ ಮೇಲೆ ಕಟ್ಟಿದ ವಿಚಾರ ಅದು.

ಬೆಸ್ಸಿ ಸ್ಮಿತ್ 1923ರಲ್ಲಿ ಕೊಲಂಬಿಯ ಕಂಪನಿಗೆ ಹಾಡಿದ ‘ಡೌನ್‌ಹಾರ್ಟೆಡ್ ಬ್ಲೂಸ್’ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಆಕೆಗೆ ಸಿಕ್ಕಿದ್ದು ಹಾಡಿಗೆ 125 ಡಾಲರ್‌ನ ಇಡಿಗಂಟು. ಒಪ್ಪಂದದಲ್ಲಿ ರಾಯಧನದ ಮಾತೇ ಇರಲಿಲ್ಲ. ಕಟಾವಿನ ದಿನ ಕೂಲಿ ಎಣಿಸಿಕೊಂಡು ಹೋದವರಿಗೆ ಬೆಳೆಗೆ ಪೇಟೆಯಲ್ಲಿ ಎಷ್ಟು ಬೆಲೆ ಬಂದರೂ ಪಾಲಿಲ್ಲವಲ್ಲ, ಹಾಗೆ. ಅದೇ ಹಾಡನ್ನು ಪಿಯಾನೊ ವಾದಕಿ ಲವಿ ಆಸ್ಟಿನ್ ಜೊತೆ ಸೇರಿ ರಚಿಸಿದ್ದ ಅಲ್ಬರ್ಟಾ ಹಂಟರ್ ಕೂಡ ಕಪ್ಪು ಮಹಿಳೆಯೇ. ಅವರ ಕೈಗೂ ಲಾಭದ ದೊಡ್ಡ ಪಾಲು ಬರಲಿಲ್ಲ. ಮುಂದೆ ಹಂಟರ್ ಹಾಡುವುದನ್ನೇ ನಿಲ್ಲಿಸಿ ಎರಡು ದಶಕ ನ್ಯೂಯಾರ್ಕ್‌ನಲ್ಲಿ ನರ್ಸ್ ಆಗಿ ದುಡಿದರು. ವಯಸ್ಸು ಕಡಿಮೆ ಬರೆಸಿ ಕೆಲಸಕ್ಕೆ ಸೇರಿದ್ದ ಅವರನ್ನು ಎಪ್ಪತ್ತಾಯಿತೆಂದು ನಿವೃತ್ತಿ ಮಾಡಿಸಿದಾಗ ನಿಜವಾದ ವಯಸ್ಸು 82. ಆ ವಯಸ್ಸಿನಲ್ಲಿ ಮತ್ತೆ ವೇದಿಕೆ ಹತ್ತಿ ಹೊಸ ತಲೆಮಾರನ್ನು ಬೆರಗುಗೊಳಿಸಿದರು.

1937ರಲ್ಲಿ ಮಿಸಿಸಿಪಿಯ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ಬೆಸ್ಸಿ ತೀರಿಕೊಂಡರು. ಫಿಲಡೆಲ್ಫಿಯದಲ್ಲಿ ಅವರ ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದರು. ಆದರೂ ಸಮಾಧಿಗೆ ಒಂದು ಕಲ್ಲು ನೆಡಲು 33 ವರ್ಷ ಬೇಕಾಯಿತು. 1970ರಲ್ಲಿ ಅದರ ಖರ್ಚನ್ನು ಇಬ್ಬರು ಹಂಚಿಕೊಂಡರು: ಒಬ್ಬರು ಬೆಸ್ಸಿಯನ್ನು ಗುರುವೆಂದು ಭಾವಿಸಿದ್ದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್, ಇನ್ನೊಬ್ಬರು ಬಾಲ್ಯದಲ್ಲಿ ಬೆಸ್ಸಿಯ ಮನೆಯಲ್ಲಿ ಕೆಲಸ ಮಾಡಿದ್ದ ವನೀಟಾ ಗ್ರೀನ್.

ತಪ್ಪೆಲ್ಲ ಬಿಳಿಯ ಕಂಪನಿಗಳದೇ ಎಂದರೆ ಕಥೆ ಅರ್ಧ ಮಾತ್ರ ಹೇಳಿದಂತೆ. 1921ರಲ್ಲಿ ಕಪ್ಪು ಉದ್ಯಮಿ ಹ್ಯಾರಿ ಪೇಸ್ ಕಟ್ಟಿದ ಬ್ಲ್ಯಾಕ್ ಸ್ವಾನ್ ಕಂಪನಿಗೆ ಬೆಸ್ಸಿಯ ದನಿ ತೀರ ಒರಟೆನಿಸಿತ್ತು. ಅವರು ಆಕೆಯನ್ನು ಒಲ್ಲೆ ಎಂದರು. 1952ರಲ್ಲಿ ‘ಹೌಂಡ್ ಡಾಗ್’ ಹಾಡಿದ ವಿಲ್ಲಿ ಮೇ ‘ಬಿಗ್ ಮಾಮಾ’ ಥಾರ್ನ್‌ಟನ್ ಅವರ ಕಂಪನಿ, ಹ್ಯೂಸ್ಟನ್‌ನ ಪೀಕಾಕ್ ರೆಕಾರ್ಡ್ಸ್, ಡಾನ್ ರೋಬಿ ಎಂಬ ಕಪ್ಪು ವ್ಯಾಪಾರಿಯದೇ. ಹಾಡು ರಿದಂ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ತನಗೆ ಬಂದದ್ದು 500 ಡಾಲರ್‌ನ ಒಂದೇ ಒಂದು ಚೆಕ್ ಎಂದು ಥಾರ್ನ್‌ಟನ್ ಮುಂದೆ ಹೇಳುತ್ತಿದ್ದರು. 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಅದನ್ನೇ ಹಾಡಿ ಜಗತ್ಪ್ರಸಿದ್ಧರಾದರು.

‘ಹೌಂಡ್ ಡಾಗ್’ ಬರೆದವರು ಜೆರಿ ಲೀಬರ್ ಮತ್ತು ಮೈಕ್ ಸ್ಟಾಲರ್ ಎಂಬ ಇಬ್ಬರು ಬಿಳಿಯ ಹುಡುಗರು. ಹಾಗಾಗಿ ರಚನೆಯ ಹಣ ಥಾರ್ನ್‌ಟನ್‌ಗೆ ಬರುವಂತೆಯೇ ಇರಲಿಲ್ಲ ಎಂದು ಯಾರಾದರೂ ವಾದಿಸಬಹುದು. ಸರಿ, ಹಾಗಾದರೆ ಆಕೆ ಸ್ವತಃ ಬರೆದ ‘ಬಾಲ್ ಅಂಡ್ ಚೈನ್’ ನೋಡಿ. 1960ರ ದಶಕದ ಆರಂಭದಲ್ಲಿ ಅದನ್ನು ಮುದ್ರಿಸಿಕೊಂಡ ಸಣ್ಣ ಕಂಪನಿ ಹಾಡನ್ನು ಬಿಡುಗಡೆಯನ್ನೇ ಮಾಡಲಿಲ್ಲ, ಹಕ್ಕುಪತ್ರವನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿತು. 1967ರಲ್ಲಿ ಮಾಂಟರೆ ಉತ್ಸವದಲ್ಲಿ ಜಾನಿಸ್ ಜಾಪ್ಲಿನ್ ಅದನ್ನು ಹಾಡಿ ದೇಶವನ್ನೇ ಅಲುಗಿಸಿದಾಗ, ಬರೆದವರಿಗೆ ಸಲ್ಲಬೇಕಾದ ಪ್ರಕಟಣಾ ರಾಯಧನ ಬರೆದವರಿಗೆ ಸಲ್ಲಲಿಲ್ಲ. ಬರೆಯದಿದ್ದರೂ ನಷ್ಟ, ಬರೆದರೂ ನಷ್ಟ. 1984ರಲ್ಲಿ ಥಾರ್ನ್‌ಟನ್ ಲಾಸ್ ಏಂಜಲಿಸ್‌ನ ಬಾಡಿಗೆ ಕೋಣೆಯೊಂದರಲ್ಲಿ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡದ್ದು 2024ರಲ್ಲಿ.

ಹಾಡು ರಾಜಕೀಯವಾದಾಗ ಬೆಲೆ ಇನ್ನೂ ಏರುತ್ತಿತ್ತು. ಕಪ್ಪು ಜನರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುವ ಕ್ರೌರ್ಯದ ಬಗ್ಗೆ ಏಬಲ್ ಮೀರೊಪೋಲ್ ಎಂಬ ಯಹೂದಿ ಶಾಲಾ ಮಾಸ್ತರ ಬರೆದ ‘ಸ್ಟ್ರೇಂಜ್ ಫ್ರೂಟ್’ ಅನ್ನು 1939ರಲ್ಲಿ ಬಿಲ್ಲಿ ಹಾಲಿಡೇ ಹಾಡತೊಡಗಿದರು. ನ್ಯೂಯಾರ್ಕ್‌ನ ಕೆಫೆ ಸೊಸೈಟಿಯಲ್ಲಿ ಕಪ್ಪು ಬಿಳಿ ಪ್ರೇಕ್ಷಕರು ಒಟ್ಟಿಗೆ ಕೂರುತ್ತಿದ್ದರು. ಈ ಹಾಡು ಯಾವಾಗಲೂ ಕಡೆಯದು. ಬಡಿಸುವವರು ಕೈ ನಿಲ್ಲಿಸಬೇಕು, ದೀಪ ಆರಬೇಕು, ಹಾಡುವವರ ಮುಖದ ಮೇಲೊಂದೇ ಬೆಳಕು. ಮುಗಿದ ಮೇಲೆ ಒತ್ತಾಯದ ಮರುಹಾಡಿಕೆ ಇಲ್ಲ. ಆಕೆಯ ಕಂಪನಿ ಕೊಲಂಬಿಯ ಇದನ್ನು ಮುದ್ರಿಸಲು ಒಪ್ಪದಿದ್ದಾಗ ಕಮಡೋರ್ ಎಂಬ ಪುಟ್ಟ ಕಂಪನಿ ಮುಂದೆ ಬಂತು. 1947ರಲ್ಲಿ ಮಾದಕ ವಸ್ತುವಿನ ಪ್ರಕರಣದಲ್ಲಿ ಶಿಕ್ಷೆಯಾದ ಮೇಲೆ ನ್ಯೂಯಾರ್ಕ್‌ನ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡುವ ಪರವಾನಗಿಯನ್ನು ಹಾಲಿಡೇ ಕಳೆದುಕೊಂಡರು. 1959ರಲ್ಲಿ 44ನೆಯ ವಯಸ್ಸಿಗೆ ಸತ್ತಾಗ ಆಸ್ಪತ್ರೆಯ ಹಾಸಿಗೆಯಲ್ಲಿಯೇ ಬಂಧನದಲ್ಲಿದ್ದರು.

ಗಾಯಕಿ ನೀನಾ ಸಿಮೋನ್‌ಗೆ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ವಾದಕಿಯಾಗುವ ಆಸೆಯಿತ್ತು. 1951ರಲ್ಲಿ ಫಿಲಡೆಲ್ಫಿಯದ ಕರ್ಟಿಸ್ ಸಂಸ್ಥೆ ಪ್ರವೇಶ ನಿರಾಕರಿಸಿತು. ಕಾರಣ ತನ್ನ ಬಣ್ಣವೇ ಎಂದು ಆಕೆ ಕೊನೆಯವರೆಗೂ ನಂಬಿದ್ದರು. 1963ರ ಜೂನ್‌ನಲ್ಲಿ ಮಿಸಿಸಿಪಿಯಲ್ಲಿ ಹೋರಾಟಗಾರ ಮೆಡ್ಗರ್ ಎವರ್ಸ್ ಅವರ ಕೊಲೆಯಾಯಿತು. ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಇಟ್ಟ ಬಾಂಬಿಗೆ ನಾಲ್ವರು ಬಾಲಕಿಯರು ಬಲಿಯಾದರು. ಸಿಟ್ಟಿನಲ್ಲಿ ಕೂತು ಸಿಮೋನ್ ಬರೆದ ‘ಮಿಸಿಸಿಪಿ ಗಾಡ್‌ಡ್ಯಾಮ್’ ದಕ್ಷಿಣದ ಕೆಲವು ಮಾರಾಟಗಾರರಿಂದ ಎರಡು ತುಂಡಾದ ರೆಕಾರ್ಡ್‌ಗಳ ಪೆಟ್ಟಿಗೆಯಾಗಿ ಹಿಂದಿರುಗಿತು. ಒಡೆತನದ ಲೆಕ್ಕದಲ್ಲಿಯೂ ಅವರಿಗೆ ಪೆಟ್ಟು ಬಿದ್ದಿತ್ತು. ಮೊದಲ ಆಲ್ಬಮ್‌ನ ಹಕ್ಕನ್ನು ಸುಮಾರು 3,000 ಡಾಲರ್‌ಗೆ ಬರೆದುಕೊಟ್ಟಿದ್ದರು. ಅದರಲ್ಲಿದ್ದ ಹಾಡೊಂದು 1987ರಲ್ಲಿ ಶನೆಲ್ ಸುಗಂಧದ ಜಾಹೀರಾತಿಗೆ ಬಳಕೆಯಾಗಿ ಬ್ರಿಟನ್‌ನಲ್ಲಿ ಮತ್ತೆ ಮನೆಮಾತಾಯಿತು. ಕರ್ಟಿಸ್ ಸಂಸ್ಥೆ ಗೌರವ ಪದವಿ ಘೋಷಿಸಿದ್ದು 2003ರಲ್ಲಿ, ಸಿಮೋನ್ ಕಣ್ಣುಮುಚ್ಚುವ ಎರಡು ದಿನ ಮೊದಲು.

ಮೈಕಿನ ಮಾತು ಹೀಗಾದರೆ, ಅಚ್ಚಿನಮೊಳೆಯ ಕಥೆ ಇನ್ನೂ ಹಳೆಯದು. 1862ರಲ್ಲಿ ಮಿಸಿಸಿಪಿಯಲ್ಲಿ ಗುಲಾಮಗಿರಿಯಲ್ಲಿಯೇ ಹುಟ್ಟಿದ ಐಡಾ ಬಿ. ವೆಲ್ಸ್ ಶಿಕ್ಷಕಿಯಾಗಿದ್ದಾಗ, ಮಹಿಳೆಯರ ಬೋಗಿಯಿಂದ ಅವರನ್ನು ಎಳೆದು ಹೊರಹಾಕಲಾಯಿತು. ರೈಲ್ವೆ ಕಂಪನಿಯ ಮೇಲೆ ದಾವೆ ಹೂಡಿ 500 ಡಾಲರ್ ಪರಿಹಾರ ಗೆದ್ದರು. 1887ರಲ್ಲಿ ಟೆನೆಸಿಯ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಿಗೆ ಸರಿಸಿತು. ಮೆಂಫಿಸ್‌ನ ‘ಫ್ರೀ ಸ್ಪೀಚ್’ ಪತ್ರಿಕೆಗೆ ಅವರು ಬರಿಯ ವರದಿಗಾರ್ತಿಯಾಗಿ ಹೋಗದೆ ಪಾಲುದಾರರಾದರು. 1892ರಲ್ಲಿ ದಿನಸಿ ಅಂಗಡಿ ಇಟ್ಟು ಮುಂದೆ ಬರುತ್ತಿದ್ದ ಅವರ ಗೆಳೆಯ ಥಾಮಸ್ ಮಾಸ್ ಮತ್ತು ಜೊತೆಗಾರರಿಬ್ಬರನ್ನು ಬಿಳಿಯರ ಗುಂಪು ಜೈಲಿನಿಂದ ಎಳೆದೊಯ್ದು ಕೊಂದಿತು. ಇಂಥ ಹತ್ಯೆಗಳಿಗೆ ಕೊಡುತ್ತಿದ್ದ ‘ಹೆಣ್ಣಿನ ಮಾನರಕ್ಷಣೆ’ಯ ಸಬೂಬು ಸುಳ್ಳೆಂದು ವೆಲ್ಸ್ ಬರೆದರು. ಅವರು ಊರಲ್ಲಿಲ್ಲದಾಗ ಪತ್ರಿಕಾ ಕಚೇರಿಯನ್ನು ಧ್ವಂಸ ಮಾಡಲಾಯಿತು. ಮರಳಿದರೆ ಕೊಲೆ ಎಂಬ ಬೆದರಿಕೆ ಬಂತು. ಮುಂದೆ ಅವರು ಹಿಡಿದ ದಾರಿ ಇಂದಿನ ದತ್ತಾಂಶ ಪತ್ರಿಕೋದ್ಯಮದ್ದೇ: ಬಿಳಿಯರ ಪತ್ರಿಕೆಗಳೇ ಮುದ್ರಿಸಿದ್ದ ವರದಿಗಳನ್ನು ಒಟ್ಟುಹಾಕಿ, ಹೆಸರು, ಊರು, ಆರೋಪಗಳ ಪಟ್ಟಿ ಮಾಡಿ 1895ರಲ್ಲಿ ‘ದ ರೆಡ್ ರೆಕಾರ್ಡ್’ ಪ್ರಕಟಿಸಿದರು. ನಿಮ್ಮದೇ ಅಂಕಿಅಂಶ, ಅಲ್ಲಗಳೆಯಿರಿ ನೋಡೋಣ ಎಂಬಂಥ ಸವಾಲು ಅದು.

ಈ ಹತ್ಯೆಗಳ ವಿರುದ್ಧ ಕೇಂದ್ರ ಸರ್ಕಾರವೇ ಕಾನೂನು ಮಾಡಬೇಕೆಂದು ವೆಲ್ಸ್ 19ನೇ ಶತಮಾನದ ಕೊನೆಯಲ್ಲೇ ಒತ್ತಾಯಿಸಿದ್ದರು. ಅಂಥ ಕಾನೂನಿಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು 2022ರ ಮಾರ್ಚ್‌ನಲ್ಲಿ. ವೆಲ್ಸ್‌ಗೆ ಪುಲಿಟ್ಜರ್ ವಿಶೇಷ ಗೌರವ ಬಂದದ್ದು 2020ರಲ್ಲಿ, ಅವರು ತೀರಿಕೊಂಡ 89 ವರ್ಷಗಳ ಮೇಲೆ.

ರೈಲು ಬೋಗಿಯ ವರ್ಣಭೇದಕ್ಕೆ ನಮ್ಮ ಕಡೆಯವರೊಬ್ಬರೂ ಎದುರಾಗಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಪ್ರಯಾಣಿಸುತ್ತಿದ್ದಾಗ, ಬಿಳಿಯರ ಬೋಗಿ ಬಿಟ್ಟು ಏಳಲು ಟಿಕೆಟ್ ತಪಾಸಕ ಆಜ್ಞಾಪಿಸಿದ. ಆಕೆ ಯಾವ ದೇಶದವರೆಂದು ತಿಳಿದ ಮೇಲೆ ಅವನ ದನಿ ತಗ್ಗಿತು. ಭಾರತೀಯಳೆಂಬ ವಿನಾಯಿತಿ ಹಿಡಿದು ಪಾರಾಗುವುದು ಸುಲಭವಿತ್ತು. ಕಮಲಾದೇವಿ ತಾನೂ ವರ್ಣೀಯ ಮಹಿಳೆಯೇ ಎಂದು ಸಾರಿ ಕೂತಲ್ಲೇ ಕೂತರು.

ಅದಾಗಿ 13 ವರ್ಷಗಳ ಮೇಲೆ, 1954ರ ಜುಲೈನಲ್ಲಿ, ‘ಷಿಕಾಗೊ ಡಿಫೆಂಡರ್’ ಪತ್ರಿಕೆಯ ಎಥೆಲ್ ಪೇನ್ ಇದೇ ಪ್ರಶ್ನೆಯನ್ನು ಶ್ವೇತಭವನದೊಳಕ್ಕೇ ಒಯ್ದರು. ಅಂತರರಾಜ್ಯ ಪ್ರಯಾಣದಲ್ಲಿ ವರ್ಣಭೇದವನ್ನು ನಿಷೇಧಿಸಲು ನಿಮ್ಮ ಸರ್ಕಾರ ಬೆಂಬಲ ಕೊಡುತ್ತದೆಯೇ ಎಂದು ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಪತ್ರಿಕಾಗೋಷ್ಠಿಯಲ್ಲಿ ಕೇಳಿದರು. ಅಧ್ಯಕ್ಷರು ಸಿಡುಕಿದ್ದೇ ಸುದ್ದಿಯಾಯಿತು. ಪೇನ್ ಅವರ ತಂದೆ ರೈಲಿನ ಮಲಗುವ ಬೋಗಿಗಳಲ್ಲಿ ಪರಿಚಾರಕರಾಗಿದ್ದವರು. ‘ಡಿಫೆಂಡರ್’ ಪತ್ರಿಕೆಯ ಕಟ್ಟುಗಳನ್ನು ಕದ್ದುಮುಚ್ಚಿ ದಕ್ಷಿಣದ ಊರೂರಿಗೆ ತಲುಪಿಸುತ್ತಿದ್ದವರೂ ಅಂಥ ಪರಿಚಾರಕರೇ. ಮರುವರ್ಷ ಪೇನ್ ಇಂಡೊನೇಷ್ಯಕ್ಕೆ ಹೋಗಿ, ನೆಹರೂ ಭಾಗವಹಿಸಿದ್ದ ಬಾಂಡುಂಗ್ ಸಮ್ಮೇಳನವನ್ನು ವರದಿ ಮಾಡಿದರು. ಕಪ್ಪು ಓದುಗರು ಕಾಸು ಕೊಟ್ಟು ನಡೆಸುತ್ತಿದ್ದ ಪತ್ರಿಕೆ ಬೆನ್ನಿಗಿದ್ದದ್ದರಿಂದಲೇ ಅಂಥ ಪ್ರಶ್ನೆ ಕೇಳಲು ಸಾಧ್ಯವಾಯಿತು.

ಪರರ ಕ್ಯಾಮೆರಾವನ್ನು ನೆಚ್ಚಿಕೊಂಡರೆ ಏನಾಗುತ್ತದೆಂಬುದು 1964ರ ಆಗಸ್ಟ್ 22ರಂದು ಗೊತ್ತಾಯಿತು. ಮಿಸಿಸಿಪಿಯ ಹತ್ತಿ ಹೊಲಗಳಲ್ಲಿ ದುಡಿದ, ಇಪ್ಪತ್ತು ಮಕ್ಕಳ ಮನೆಯ ಕಡೆಯ ಮಗಳು ಫ್ಯಾನಿ ಲೂ ಹೇಮರ್ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಸಮಿತಿಯ ಮುಂದೆ ಸಾಕ್ಷ್ಯ ಹೇಳುತ್ತಿದ್ದರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದದ್ದಕ್ಕೆ ಹೊಲದಿಂದ ಹೊರಹಾಕಿದ್ದು, ಜೈಲಿನಲ್ಲಿ ಬಡಿದದ್ದು, ಎಲ್ಲವನ್ನೂ. ನೇರ ಪ್ರಸಾರ ನಡೆಯುತ್ತಿದ್ದಂತೆಯೇ ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಕ್ಯಾಮೆರಾಗಳು ಅತ್ತ ತಿರುಗಿದವು. ಆದರೆ ಆ ರಾತ್ರಿ ವಾಹಿನಿಗಳು ಹೇಮರ್ ಅವರ ಮಾತನ್ನು ಮರುಪ್ರಸಾರ ಮಾಡಿದವು. ಹಗಲಿಗಿಂತ ಹೆಚ್ಚು ಜನ ಕೇಳಿದರು. ಹೇಮರ್ ಹಾಡುಗಾರ್ತಿ ಕೂಡ. ಮತದಾನದ ಹಕ್ಕು ಕೇಳಲು ಬಸ್ಸಿನಲ್ಲಿ ಹೊರಟಾಗ ಹೆದರಿ ಕೂತಿದ್ದ ಸಂಗಾತಿಗಳಿಗೆ ಧೈರ್ಯ ತುಂಬಿದ್ದು ಅವರು ಎತ್ತಿಕೊಂಡ ಚರ್ಚಿನ ಹಾಡುಗಳು.

ಒಡೆತನದ ಈ ಪಾಠವನ್ನು ಮುಂದಿನ ತಲೆಮಾರು ಚೆನ್ನಾಗಿ ಕಲಿತಿತು. 1986ರಲ್ಲಿ ದೇಶದಾದ್ಯಂತ ಪ್ರಸಾರವಾಗತೊಡಗಿದ ತಮ್ಮ ಟಿವಿ ಕಾರ್ಯಕ್ರಮದ ಒಡೆತನವನ್ನು ಓಪ್ರಾ ವಿನ್‌ಫ್ರಿ ಎರಡೇ ವರ್ಷದಲ್ಲಿ ತಮ್ಮ ಹಾರ್ಪೊ ಕಂಪನಿಗೆ ತಂದುಕೊಂಡರು. ಅವರ ಸಂಪತ್ತಿನ ಗುಟ್ಟು ಮಾತಿನಲ್ಲಿದ್ದಷ್ಟೇ ಆ ಕರಾರಿನಲ್ಲಿಯೂ ಇದೆ. ಬಿಯಾನ್ಸೆ ತಮ್ಮದೇ ಪಾರ್ಕ್‌ವುಡ್ ಸಂಸ್ಥೆಯ ಮೂಲಕ ಕೆಲಸ ಮಾಡುತ್ತಾರೆ. 2024ರ ‘ಕೌಬಾಯ್ ಕಾರ್ಟರ್’ ಆಲ್ಬಮ್‌ನಲ್ಲಿ ಅವರು ಕಂಟ್ರಿ ಸಂಗೀತದ ಅಂಗಳಕ್ಕೆ ಕಾಲಿಟ್ಟಾಗ ಲಿಂಡಾ ಮಾರ್ಟೆಲ್ ಅವರ ದನಿಯನ್ನೂ ಜೊತೆಗೆ ಕರೆದುಕೊಂಡರು. ಮಾರ್ಟೆಲ್ 1969ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಒಂಟಿಯಾಗಿ ಹಾಡಿದ ಮೊದಲ ಕಪ್ಪು ಮಹಿಳೆ. ಅವರ ರೆಕಾರ್ಡ್ ಕಂಪನಿಯ ಹೆಸರು, ನಂಬಲು ಕಷ್ಟ, ಪ್ಲಾಂಟೇಶನ್. ಗುಲಾಮರನ್ನು ದುಡಿಸಿಕೊಂಡ ತೋಟಗಳ ಹೆಸರೇ ಅದು. ಮಾರ್ಟೆಲ್ ಒಂದೇ ಆಲ್ಬಮ್ ಹೊರತಂದು ಕಂಟ್ರಿ ಲೋಕದಿಂದ ಮರೆಯಾದರು. ಮುಂದೊಂದು ಕಾಲದಲ್ಲಿ ಶಾಲಾ ಬಸ್ ಓಡಿಸಿದರು. ಎಂಬತ್ತು ದಾಟಿದ ಮೇಲೆ ಬಿಯಾನ್ಸೆಯ ಹಾಡಿನಿಂದಾಗಿ ಗ್ರ್ಯಾಮಿ ನಾಮನಿರ್ದೇಶನ ಪಡೆದರು. ‘ಕೌಬಾಯ್ ಕಾರ್ಟರ್’ 2025ರಲ್ಲಿ ‘ವರ್ಷದ ಆಲ್ಬಮ್’ ಗ್ರ್ಯಾಮಿ ಗೆದ್ದಿತು. 1999ರ ಲಾರಿನ್ ಹಿಲ್ ನಂತರ ಈ ಪ್ರಶಸ್ತಿ ಕಪ್ಪು ಮಹಿಳೆಗೆ ಸಂದದ್ದು ಅದೇ ಮೊದಲು.

ಹಾಗೆಂದು ಲೆಕ್ಕ ಚುಕ್ತಾ ಆಗಿಲ್ಲ. ಒಡೆತನ ಪಡೆದವರು ಬೆರಳೆಣಿಕೆಯ ತಾರೆಯರು. ಕಾನೂನಿನ ತೂತು ಎಲ್ಲರಿಗೂ ಹಾಗೆಯೇ ಇದೆ. ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೊ ಕೇಂದ್ರಗಳು ಹಾಡು ಬರೆದವರಿಗೆ ಮಾತ್ರ ರಾಯಧನ ಕೊಡುತ್ತವೆ, ಹಾಡಿದವರಿಗೆ ಇಲ್ಲ. ‘ರೆಸ್ಪೆಕ್ಟ್’ ಎಂದರೆ ಜಗತ್ತಿಗೆ ನೆನಪಾಗುವುದು 1967ರ ಅರೀಥಾ ಫ್ರ್ಯಾಂಕ್ಲಿನ್. ಓಟಿಸ್ ರೆಡಿಂಗ್ ಬರೆದು 1965ರಲ್ಲಿ ಹಾಡಿದ್ದ, ಮನೆಗೆ ಬಂದ ಗಂಡಸು ಮರ್ಯಾದೆ ಕೇಳುವ ಹಾಡನ್ನು ಆಕೆ ಹೆಣ್ಣಿನ ಬಾಯಿಗೆ ತಿರುಗಿಸಿ, ಹೊಸ ಸಾಲು, ಹೊಸ ಲಯ ಸೇರಿಸಿ, ಸಮಾನತೆಯ ಘೋಷಣೆಯನ್ನಾಗಿ ಮಾಡಿದರು. 2018ರಲ್ಲಿ ತೀರಿಕೊಳ್ಳುವವರೆಗೆ ಅರ್ಧ ಶತಮಾನ ತಮ್ಮ ದೇಶದ ಆ ರೇಡಿಯೊಗಳಲ್ಲಿ ಅದು ಎಷ್ಟು ಸಲ ಬಂದರೂ ಹಾಡಿದ ಅವರಿಗೆ ಆ ಪ್ರಸಾರದಿಂದ ಒಂದು ಸೆಂಟ್ ಕೂಡ ಬರಲಿಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಗಾಯಕರಿಗೂ ರಾಯಧನದ ಹಕ್ಕನ್ನು ಒಪ್ಪಿದೆ. ಅಮೆರಿಕದಲ್ಲಿ ಇದನ್ನು ಸರಿಪಡಿಸುವ ಮಸೂದೆ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಮಂಡನೆಯಾಗಿದೆ; ರೇಡಿಯೊ ಉದ್ಯಮದ ವಿರೋಧವೂ ಅಷ್ಟೇ ಗಟ್ಟಿಯಾಗಿದೆ.

ಸಮಾಧಿಗೆ ಕಲ್ಲು, ತಡವಾಗಿ ಬಂದ ಪದವಿ, ಸತ್ತ ಮೇಲಿನ ಪುರಸ್ಕಾರ, ಇವೆಲ್ಲ ಕೊಡುವವರಿಗೆ ಹೆಚ್ಚು ಖರ್ಚಿಲ್ಲದ ಗೌರವಗಳು. ಈ ಗಾಯಕಿಯರು, ಪತ್ರಕರ್ತೆಯರು ಬದುಕಿದ್ದಾಗ ಕೇಳಿದ್ದು ಬೇರೆಯದನ್ನು: ಕೆಲಸಕ್ಕೆ ಸರಿಯಾದ ಕೂಲಿ, ಕೃತಿಯ ಮೇಲೆ ಹೆಸರು, ಕರಾರಿನಲ್ಲಿ ಪಾಲು, ಅಚ್ಚಿನ ಯಂತ್ರದ ಬೀಗದ ಕೈ. ಆ ಬೇಡಿಕೆಗಳನ್ನು ಒಪ್ಪುವುದಕ್ಕೆ ಹಣವೂ ಬೇಕು, ಕಾನೂನೂ ಬೇಕು. ಅರೀಥಾ ಕೇಳಿದ ಮರ್ಯಾದೆಗೆ ಅಮೆರಿಕ ಎಷ್ಟು ಬೆಲೆ ಕಟ್ಟುತ್ತದೆ ಎಂಬುದು ಆ ಮಸೂದೆಗೆ ಬೀಳುವ ಮತಗಳಲ್ಲಿ ಗೊತ್ತಾಗುತ್ತದೆ.